ಆಚಿ ದಂಡಿಯ ಕೆಮ್ಮು

ಹಾಜರಿ ಬರಕೊಳ್ಳೂ ಕಾರಕೂನ ದಿನಾ ಕೇಳತಾನ,
ಹೆಸರು? ಅಮೋಗಿ. ಊರು? ಅರಕೇರಿ.
ಯಾರ ಕಡೆಯಾಂವ?
ಮಣಿಕಟ್ಟು ಎತ್ತಿ ಹಸರ ಅರಿವಿ ತೋರಸತೀನಿ.
ದಸರಾಕ್ಕ ಕಟ್ಟಿದಾಗ ಗಿಣಿ ರೆಕ್ಕಿ ಹಂಗಿತ್ತು,
ಈಗ ಡೋಣಿ ಎರಿ ಕುಡದು ಯಾವ ಬಣ್ಣನೂ ಅಲ್ಲ.
ಅಂವ ಅರಿವಿ ನೋಡತಾನ, ನನ್ನ ಮಾರಿ ನೋಡತಾನ,
ಬರಕೋತಾನ.
ಆಚಿ ದಂಡಿಯವರದು ಅರಿಷಿಣದ್ದಂತ.
ಅದೂ ಹಿಂಗ ಆಗಿರಬೇಕು.

ದೊಡ್ಡ ದೊರಿ ಸತ್ತ. ಪಟ್ಟದ ಕೂಸಿಗಿನ್ನ ಹಾಲಹಲ್ಲು.
ಎಡಗೈ ಹಿಡದವರು ಒಂದು ದಂಡು, ಬಲಗೈ ಹಿಡದವರು ಒಂದು.
ನಾವು ಯಾವ ಕೈಯವರು, ಹವಾಲದಾರಗ ಗೊತ್ತದ.

ದೊಡ್ಡ ತೋಫು ಅಕಾಲ ಮಳ್ಯಾಗ ಹುಗದು
ಗಾಲಿ ಕಾಣವಲ್ದು. ಅದು ಏಳೂತನ ಕಾದಾಟಿಲ್ಲ.
ಲಾಡ್ಲೇಸಾಬ ಅದರ ಮೂತಿಗೆ ಚಲ್ಲಣ ಒಣಹಾಕತಾನ.
ನಾನು ಒಡದ ಹಿಮ್ಮಡಕ್ಕ ಗಾಲಿ ಕೀಲಿನ ಎಣ್ಣಿ ತುಂಬತೀನಿ,
ಬಿರಸ ರೊಟ್ಟಿ ಕತ್ತಿ ಹಿಡಿಲೆ ಕುಟ್ಟಿ
ಹುರಳಿ ಕಟ್ಟಿನಾಗ ನೆನೆ ಹಾಕತೀನಿ,
ಅಂಗಿ ತಿರುವಿ ಹೇನು ಕುಕ್ಕತೀನಿ.
ಪಗಾರ ಬಂದಿಲ್ಲ. ಬರತದಂತ ಡಂಗುರ ಮಾತ್ರ ದಿನಾ ಬರತದ.

ಡೋಣಿ ನೀರು ಸವಳು. ಕುದುರಿ ಮೂಸಿ ಮಾರಿ ತಿರುವತಾವ.
ಸಿಹಿ ನೀರಿಂದು ಒಂದ ಬಾವಿ, ಹೊಳಿ ತಿರುವಿನಾಗ,
ಇಬ್ಬರ ಗುಂಡಿಗೂ ಎಟಕೂ ಜಾಗಾದಾಗ.
ಹೊತ್ತು ಮಾರುದ್ದ ಏರೂತನ ಅವರದು, ಆಮ್ಯಾಲ ನಮ್ಮದು.
ಯಾರೂ ಕುಂತು ಮಾತಾಡಿ ಮಾಡಿದ್ದಲ್ಲ.
ನಾವು ಹೋದಾಗ ಹಗ್ಗ ಇನ್ನ ಹಸಿ ಇರತದ,
ಕಲ್ಲಿನ ಮ್ಯಾಲ ಅವರ ಹೆಜ್ಜಿ ಆರಿರೂದಿಲ್ಲ.

ಸಂಜೀಕ ಸೀತನಿ ಸುಡತೀವಿ. ಆಚಿಂದನೂ ಅದ ವಾಸನಿ.
ಹೊಲದಾಂವ ಒಂದಿನ ನಡುವ ನಿಂತು ಬೈದ,
ನಮ್ಮ ಕಡೆ ತಿರಗಿ ಒಂದು ಬೈಗಳ,
ಅವರ ಕಡೆ ತಿರಗಿ ಅದನ್ನ ಇನ್ನೊಮ್ಮೆ,
ಗೋಣು ನೋಯೂತನ.

ಮೂರನೇ ಜಾವ ನನ್ನ ಪಹರೆ.
ಕಂಬಳಿ ಇಬ್ಬನಿ ಕುಡದು ಸತ್ತ ಟಗರಿನಷ್ಟು ಭಾರ.
ನಾ ಕುರಿ ಕಾದಾಂವ. ಕತ್ತಲದಾಗ
ಯಾವುದಕ್ಕ ನೆಗಡಿ, ಯಾವುದರ ಗಂಟಲದಾಗ ಕುಸುಬಿ ಮುಳ್ಳು,
ಕೆಮ್ಮಿನ ಮ್ಯಾಲ ಹೇಳತಿದ್ದೆ.
ಆಚಿ ದಂಡ್ಯಾಗ ಒಂದು ಕೆಮ್ಮು.
ಎರಡು ಗಿಡ್ಡ, ಆಮ್ಯಾಲ ಒಂದು ಉದ್ದ,
ತುಂಬಿದ ಕೊಡ ಬಾವಿಯಿಂದ ಜಗ್ಗಿದಂಗ.
ಮಾಳಿಂಗಂದು.
ನಮ್ಮಕ್ಕನ ಗಂಡ. ಈ ಕಂಬಳಿ ಅಂವ ನೇದದ್ದು.
ಅವನ ಮೈಮ್ಯಾಲ ಈಗ ಏನದ?

ಅಕ್ಕ ಹೇಳಿ ಕಳಿಸ್ಯಾಳ:
ಅರಿಷಿಣ ಅರಿವಿ ಕಂಡರ ಮೊದಲ ಮಾರಿ ನೋಡು.

ಒಣಶುಂಠಿ, ಓಂಕಾಳು ಗಂಟು ಕಟ್ಟಿ
ಬಾವಿ ಕಲ್ಲಿನ ಸಂದ್ಯಾಗ ಇಟ್ಟು ಬಂದೆ.
ಮರುದಿನ ಗಂಟಿರಲಿಲ್ಲ. ಯಾರು ಒಯ್ದರೋ.
ಎರಡು ರಾತ್ರಿ ಕೆಮ್ಮಿದ.
ಮೂರನೇದಕ್ಕ ಗಿಡ್ಡವು ಎರಡ, ಉದ್ದಂದು ಬರಲಿಲ್ಲ.
ನಾಕನೇ ರಾತ್ರಿ ಬರೇ ಹುಳದ ಸಪ್ಪಳ.
ಶುಂಠಿ ಹತ್ತಿತೋ,
ಏನೋ.

ಎಳ್ಳಮಾಸಿಗೆ ಹೊಲದಾಂವ ಬರಲಿಲ್ಲ, ಹೆದರಿದ್ದ.
ಅವನ ಬದಲಿ ನಾನ ಸಜ್ಜಿ ರೊಟ್ಟಿ ಮುರದು ಚರಗ ಚೆಲ್ಲಿದೆ.
ಚರಗದ ಕೂಗು ಅರ್ಧ ಕೂಗಿ ನಿಂತೆ.
ಉಳದರ್ಧ ಆಚಿಯಿಂದ ಬಂತು, ಹತ್ತಿಪ್ಪತ್ತು ಗಂಟಲು,
ಕಲತದ್ದು ಬಿಡಲಾರದವರು.
ಅದರೊಳಗ ಒಂದನ್ನ ಹುಡಕಿದೆ, ಹಿಂಡಿನಾಗ ಹುಡಕಿದಂಗ.
ಗುರುತು ಹತ್ತೂದರೊಳಗ ಹವಾಲದಾರ ಬೆನ್ನಿಗೆ ಒದ್ದ.

ಈಗ ಕೆಮ್ಮು ನನಗ ಹತ್ಯಾದ.
ಪಹರೆದಾಗ ಕೆಮ್ಮಿದರ ಗುಂಡು ಬೀಳತಾವ,
ಅರಿವಿ ಬಾಯಾಗ ಇಟಗೋ ಅಂತಾರ.
ಮಣಿಕಟ್ಟು ಬಾಯಿಗೆ ಒತ್ತಿ ಕುಂಡ್ರತೀನಿ.
ನಾಲಿಗಿಗೆ ಹಸರ ಏನೂ ಹತ್ತೂದಿಲ್ಲ, ಸವಳು ಅಷ್ಟ.
ಆದರೂ ಒಮ್ಮೊಮ್ಮೆ ಕೈ ತಗದು
ಜೋರಾಗಿ ಕೆಮ್ಮತೀನಿ, ಒಂದ ಸರ್ತಿ,
ಕೇಳಾಂವ ಇದ್ದರ ಕೇಳಲಿ ಅಂತ.

ಲಾಡ್ಲೇಸಾಬ ನಿದ್ದಿಗಣ್ಣಾಗ ಬೈತಾನ.